ಕಿರ್ಗಿಜ್ ಕುರಿಮರಿಗೆ ದುರ್ಗದ ಅತ್ತರು

ದೆಹಲಿ

ಮಗಳನ್ನು ನೋಡಲು ಹೊರಟ ಈ ಪ್ರವಾಸದಲ್ಲಿ ನನ್ನ ಮೇಲೆ ಮೊದಲು ಅನುಮಾನಪಟ್ಟದ್ದು ದೆಹಲಿ ವಿಮಾನ ನಿಲ್ದಾಣದ ಪೊಲೀಸ್ ನಾಯಿ. ಸಾಲಿನಲ್ಲಿ ನಿಂತವರ ಚೀಲಗಳನ್ನೆಲ್ಲ ಮೂಸಿ ಮೂಸಿ ಬಿಟ್ಟು ಬಂದ ಅದು ನನ್ನ ಚೀಲದ ಹತ್ತಿರ ನಿಂತಿತು. ಮೂಗಿಟ್ಟಿತು, ಜೋರಾಗಿ ಸೀನಿತು, ಆಮೇಲೆ ಅಲ್ಲೇ ಕುಳಿತುಬಿಟ್ಟಿತು. ನಾಯಿ ಕುಳಿತರೆ ಏನೋ ಸಿಕ್ಕಿದೆ ಎಂದು ಅರ್ಥವಂತೆ. ಇಬ್ಬರು ಪೊಲೀಸರು ಬಂದು ಒಳಗೇನಿದೆ ಎಂದು ಕೇಳಿದರು. ಅತ್ತರು ಅಂದೆ. ತೆಗೆದು ತೋರಿಸು ಅಂದರು.

ಬೀಟೆಮರದ ಪುಟ್ಟ ಪೆಟ್ಟಿಗೆ, ಅದರೊಳಗೆ ಕಿರುಬೆರಳುದ್ದದ ಗಾಜಿನ ಶೀಸೆಗಳು. ಪೊಲೀಸಪ್ಪ ಒಂದೊಂದನ್ನೂ ಬಿಚ್ಚಿ ಮೂಸಿ, ಒಂದೆರಡನ್ನು ಮಣಿಕಟ್ಟಿಗೂ ಹಚ್ಚಿಕೊಂಡು, ತನಗೆ ತೋಚಿದ ಹಾಗೆ ವಾಪಸು ತುರುಕಿ ಕೊಟ್ಟ. ನಾನು ಮುಂಗೋಪಿ. ಬೇರೆ ದಿನವಾಗಿದ್ದರೆ ಇಷ್ಟಕ್ಕೇ ಒಂದು ರಾಮಾಯಣ ಮಾಡುತ್ತಿದ್ದೆ. ಅವತ್ತು ಬಾಯಿ ಮುಚ್ಚಿಕೊಂಡೆ, ಯಾಕೆಂದರೆ ಶೀಸೆಗಳ ಜಾಗ ಅದಲುಬದಲಾಗಿತ್ತು.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಯಾವುದೂ ಅರ್ಥವಾಗದು. ಚಿತ್ರದುರ್ಗದ ಪೇಟೆಯಲ್ಲಿ ನಮ್ಮದು ಅತ್ತರಿನ ಅಂಗಡಿ. ನಾಯಕರ ಕಾಲದಲ್ಲಿ ಬಂದು ಕೋಟೆಯ ಕೆಳಗೆ ನೆಲೆಸಿದ ಮನೆತನ. ನನ್ನ ಹೆಸರು ರಹೀಂ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸಂತೆಗಳಲ್ಲೂ ಜನ ‘ಅತ್ತರ್ ಸಾಬ್ರು’ ಎಂದರೆ ಗುರುತಿಸುತ್ತಾರೆ. ನಮ್ಮಪ್ಪ ಶೀಸೆಗಳಿಗೆ ಚೀಟಿ ಅಂಟಿಸಲು ಬಿಡುತ್ತಿರಲಿಲ್ಲ. “ಚೀಟಿ ಓದೋನು ಕಿರಾಣಿಯವನು, ಮೂಗಿಂದ ಓದೋನು ಅತ್ತರಿನವನು” ಅನ್ನುತ್ತಿದ್ದರು. ನಾನೂ ಹಾಗೆಯೇ ನಡೆಸಿಕೊಂಡು ಬಂದೆ. ಕೊರೋನಾ ಜ್ವರ ಬಂದು ಹೋಯಿತು ನೋಡಿ, ಅದು ಹೋಗುವಾಗ ನನ್ನ ಮೂಗನ್ನೂ ಕಟ್ಟಿಕೊಂಡು ಹೋಯಿತು. ಎಲ್ಲರಿಗೂ ಸ್ವಲ್ಪ ದಿನದಲ್ಲಿ ವಾಸನೆ ಮರಳಿತು. ನನಗೆ ಬರಲೇ ಇಲ್ಲ. ಗುಲಾಬಿಯೂ ಒಂದೇ, ಗಂಜಲವೂ ಒಂದೇ.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಹೆಂಡತಿ ಮುಮ್ತಾಜಳಿಗೂ ಇಲ್ಲ, ಕಿರ್ಗಿಜ್ ದೇಶದ ಬಿಷ್ಕೆಕ್‌ನಲ್ಲಿ ಡಾಕ್ಟರಿಕೆ ಓದುತ್ತಿರುವ ಮಗಳು ನಸೀಮಾಳಿಗೂ ಇಲ್ಲ. ಕಣ್ಣಿಲ್ಲದ ದರ್ಜಿಯ ಕೈಗೆ ಯಾರಾದರೂ ಬಟ್ಟೆ ಕೊಡುತ್ತಾರೆಯೇ? ಸುದ್ದಿ ಹರಡಿದರೆ ಅಂಗಡಿ ಮುಚ್ಚಿದ ಹಾಗೇ. ನಸೀಮಾ ಎಂಥವಳೆಂದರೆ, ಓದನ್ನು ಅರ್ಧಕ್ಕೆ ಬಿಟ್ಟು ಮುಂದಿನ ವಿಮಾನಕ್ಕೇ ಬಂದು ಗಲ್ಲಾದ ಮೇಲೆ ಕೂತುಬಿಡುತ್ತಾಳೆ. ಹಾಗಾಗಿ ಯಾವ ಶೀಸೆ ಯಾವ ಜಾಗದಲ್ಲಿದೆ ಎಂಬ ಗುರುತಿನ ಮೇಲೇ ವ್ಯಾಪಾರ ಸಾಗಿತ್ತು. ಎಡಗಡೆ ಮೊದಲನೆಯದು ಗುಲಾಬಿ, ಅದರ ಪಕ್ಕ ಲಾವಂಚ, ಹೀಗೆ. ಪೊಲೀಸಪ್ಪ ಕಲಸಿ ಕೊಟ್ಟದ್ದನ್ನು ವಿಮಾನದಲ್ಲಿ ಬಣ್ಣ ನೋಡಿ ಅಂದಾಜಿನ ಮೇಲೆ ಮತ್ತೆ ಜೋಡಿಸಿದೆ. ಲಾವಂಚವೂ ಕಸ್ತೂರಿಯೂ ಎರಡೂ ಜೇನಿನ ಬಣ್ಣ. ಇದೇ ಇರಬೇಕು ಅಂದುಕೊಂಡೆ.

ಬಿಷ್ಕೆಕ್

ನಸೀಮಾ ಓಡಿ ಬಂದು ತಬ್ಬಿಕೊಂಡಳು. ತಬ್ಬಿಕೊಂಡವಳೇ ಒಂದು ಹೆಜ್ಜೆ ಹಿಂದೆ ಸರಿದಳು.

“ಅಬ್ಬಾ, ಅಂಗಡಿನೇ ಮೈಮೇಲೆ ಸುರ್ಕಂಡು ಬಂದೀರಲ್ಲ!”

“ಅತ್ತರಿನವನ ಮೈ ಮತ್ತೇನು ಸೀಮೆಎಣ್ಣೆ ವಾಸನೆ ಬರಬೇಕಾ? ನಡಿ ಹೋಗಾಣ” ಅಂದೆ. ನಮ್ಮ ಮನೆಯಲ್ಲಿ ಉರ್ದು, ಕನ್ನಡ ಎರಡೂ ಬೆರೆಸಿ ಮಾತಾಡುತ್ತೇವೆ. ಬೈಯುವುದಕ್ಕೆ ಮಾತ್ರ ಕನ್ನಡವೇ ಬೇಕು.

ಬಿಷ್ಕೆಕ್ ಅಗಲವಾದ ರಸ್ತೆಗಳ ಊರು. ಯಾವ ಬೀದಿಯಲ್ಲಿ ನಿಂತು ನೋಡಿದರೂ ಕೊನೆಯಲ್ಲಿ ಹಿಮದ ಬೆಟ್ಟ ಕಾಣುತ್ತದೆ. ನಮ್ಮ ದುರ್ಗದಲ್ಲೂ ಬೀದಿ ಮುಗಿಯುವಲ್ಲಿ ಬಂಡೆ ಇದ್ದೇ ಇರುತ್ತದೆ, ಹಾಗಾಗಿ ಊರು ಅಷ್ಟೇನೂ ಪರಕೀಯ ಅನ್ನಿಸಲಿಲ್ಲ. ಜನ ಮಾತು ಕಡಿಮೆ, ಕೆಲಸ ಜಾಸ್ತಿ. ಧನ್ಯವಾದಕ್ಕೆ ‘ರಖ್ಮತ್’ ಅನ್ನುತ್ತಾರೆ, ನಮ್ಮ ಉರ್ದುವಿನಲ್ಲೂ ಅದು ದೇವರ ದಯೆಗಿರುವ ಮಾತು, ಕೇಳಿ ಖುಷಿಯಾಯಿತು. ರೊಟ್ಟಿಯನ್ನು ಬೋರಲು ಹಾಕಿದರೆ ಮಾತ್ರ ಮುಖ ಗಂಟು ಹಾಕುತ್ತಾರೆ. ನಾನು ಮೊದಲ ದಿನವೇ ಬೋರಲು ಹಾಕಿದೆ. ನಸೀಮಾ ಬಾಡಿಗೆಗಿದ್ದ ಮನೆಯ ಒಡತಿ ಅದನ್ನು ತಿರುಗಿಸಿಟ್ಟಳು.

ಅಲ್ಲಿಯವರ ಇನ್ನೊಂದು ಚಟ ನನಗೆ ಅರ್ಥವಾಗಲಿಲ್ಲ. ಹೊರಗೆ ಹಲ್ಲು ಕಟಕಟ ಅನ್ನುವ ಚಳಿ, ಆದರೂ ನಾನು ಹೋದಲ್ಲೆಲ್ಲ ಕಿಟಕಿ ತೆರೆಯುತ್ತಿದ್ದರು. ಮನೆಯೊಡತಿ ನಾನು ಕೂತ ಐದು ನಿಮಿಷಕ್ಕೇ ಎದ್ದು ಕಿಟಕಿ ತೆರೆದಳು. ಅಂಗಡಿಯಲ್ಲಿ ಹಾಗೇ, ಬಸ್ಸಿನಲ್ಲೂ ಹಾಗೇ. “ಈ ದೇಶದೋರಿಗೆ ಚಳಿ ಅನ್ನೋದೇ ಇಲ್ಲ ನೋಡು” ಅಂದೆ. ನಸೀಮಾ ಮುಖ ಆಚೆ ತಿರುಗಿಸಿ ನಕ್ಕಳು.

ಅವರಿಗದು ನೂರೂಜ್ ಹಬ್ಬ, ಹೊಸ ವರ್ಷ. ನಮ್ಮ ಯುಗಾದಿಯ ಹಾಗೆಯೇ ಚಳಿ ಹಿಮ್ಮೆಟ್ಟುವ ಹೊತ್ತು. ಮನೆಯೊಡತಿಯ ತಾಯಿ ಬುರುಲ್ ಅಪಾ ಬೆಟ್ಟದ ಹಳ್ಳಿಯಲ್ಲಿ ಮಗ ತಿಲೆಕ್ ಜತೆ ಕುರಿ ಸಾಕಿಕೊಂಡಿದ್ದಾಳೆ, ಹಬ್ಬಕ್ಕೆ ನೀವಿಬ್ಬರೂ ಅಲ್ಲಿಗೇ ಹೋಗಿ ಎಂದು ಮನೆಯೊಡತಿ ಒತ್ತಾಯ ಮಾಡಿದಳು. ಈಗ ಯೋಚಿಸಿದರೆ, ಅವಳಿಗೂ ಮನೆಯಲ್ಲಿ ಒಂಚೂರು ಗಾಳಿ ಬೇಕಾಗಿತ್ತೇನೋ.

ವ್ಯಾನಿನಲ್ಲಿ

ನಮ್ಮ ಕಡೆಯ ಮ್ಯಾಕ್ಸಿಕ್ಯಾಬ್ ತರಹದ್ದೇ ವ್ಯಾನು. ತುಂಬುವ ತನಕ ಹೊರಡುವುದಿಲ್ಲ, ಹೊರಟ ಮೇಲೂ ತುಂಬುತ್ತಲೇ ಇರುತ್ತದೆ. ಉದ್ದನೆಯ ಬಿಳಿ ಕಂಬಳಿಟೋಪಿ ಹಾಕಿಕೊಂಡ ಅಜ್ಜನೊಬ್ಬ ನನ್ನ ಪಕ್ಕ ಕುಳಿತ. ಊರು ದಾಟುವಷ್ಟರಲ್ಲಿ ಎದ್ದು ಹೋಗಿ ಹಿಂದೆ ಆಲೂಗಡ್ಡೆ ಮೂಟೆಯ ಮೇಲೆ ಕುಳಿತುಕೊಂಡ. ನನಗೆ ಅವಮಾನವಾಯಿತು. ಹಬ್ಬಕ್ಕೆಂದು ಹೊಸ ಜುಬ್ಬ ಹಾಕಿ, ಲಾವಂಚ ಎಂದುಕೊಂಡದ್ದನ್ನು ಕತ್ತಿಗೆ, ಎದೆಗೆ, ಮಫ್ಲರಿಗೆ ಧಾರಾಳವಾಗಿ ಹಚ್ಚಿಕೊಂಡು ಬಂದಿದ್ದೆ. ಗೊತ್ತಾಗದವನಿಗೆ ಅಳತೆಯೆಲ್ಲಿಂದ ಬರಬೇಕು?

ದಾರಿಯುದ್ದಕ್ಕೂ ಬೋಳುಬೆಟ್ಟ, ಕೆಳಗೆ ಹೊಳೆ, ಬೆಟ್ಟದ ಮೈಮೇಲೆಲ್ಲ ಕುರಿ. ದಪ್ಪ ಬಾಲದ ಕುರಿಗಳು. ಹಿಂದೆ ಕೊಬ್ಬಿನ ಗಂಟು ಕಟ್ಟಿಕೊಂಡು ಹೋಗುತ್ತಿದ್ದವು. ಕುರಿ ಕಂಡರೆ ನನಗೆ ಬಾಯಿ ನಿಲ್ಲುವುದಿಲ್ಲ. ಹೊಸದುರ್ಗದ ಸಂತೆಯಲ್ಲಿ ನಮ್ಮ ಅತ್ತರಿನ ಪೆಟ್ಟಿಗೆಯ ಪಕ್ಕವೇ ಕುರಿ ಕಟ್ಟುತ್ತಿದ್ದರು. ಟಗರು ಹೆಣ್ಣಿನ ಗಂಜಲ ಮೂಸಿ, ಮೇಲ್ದುಟಿ ಸುರುಳಿ ಮಾಡಿ ಆಕಾಶ ನೋಡುತ್ತಾ ನಿಲ್ಲುವುದನ್ನು ಕಂಡು ನಾನು ಚಿಕ್ಕವನಿದ್ದಾಗ ನಗುತ್ತಿದ್ದೆ. ನಮ್ಮಪ್ಪ ಹೇಳಿದ್ದರು, “ನಗಬ್ಯಾಡ, ಅದು ಕಾಗದ ಓದ್ತಾ ಐತೆ” ಅಂತ. ಇರುವೆ ಸಾಲು ಹಿಡಿದು ಹೋಗುವುದು ಮುಂದಿನದು ಬಿಟ್ಟ ವಾಸನೆ ಹಿಡಿದು. ನಾಯಿ ಕಂಬದ ಹತ್ತಿರ ಕಾಲೆತ್ತುವುದು ಊರಿಗೆಲ್ಲ ಡಂಗುರ ಸಾರಲು. ಕಸ್ತೂರಿ ಮೃಗದ ಗಂಡು ಹೆಣ್ಣನ್ನು ಕರೆಯಲು ಹೊಟ್ಟೆಯ ಕೆಳಗೆ ಚೀಲ ಹೊತ್ತು ತಿರುಗುತ್ತದೆ, ಪುನುಗಿನ ಬೆಕ್ಕು ಮರಕ್ಕೆ ಉಜ್ಜಿ ‘ಇದು ನನ್ನ ಜಾಗ’ ಎನ್ನುತ್ತದೆ. ಅವು ತಮ್ಮತಮ್ಮವರಿಗೆ ಬರೆದ ಕಾಗದವನ್ನು ಮನುಷ್ಯ ಕದ್ದು ಕತ್ತಿಗೆ ಹಚ್ಚಿಕೊಂಡ. ಈಗ ಕದಿಯಲು ಕಾನೂನು ಬಿಡುವುದಿಲ್ಲ, ಕಾರ್ಖಾನೆಯಲ್ಲೇ ಮಾಡುತ್ತಾರೆ.

ಇಷ್ಟೆಲ್ಲ ಹೇಳಿದ್ದನ್ನು ನಸೀಮಾ ರಷ್ಯನ್ ಭಾಷೆಯಲ್ಲಿ ವ್ಯಾನಿನವರಿಗೆ ಹೇಳಿದಳು. ಕೊನೆಗೆ ತನ್ನದೂ ಒಂದು ಸೇರಿಸಿದಳು: ನಮ್ಮಪ್ಪನ ಕಣ್ಣು ಕಟ್ಟಿ ನೂರು ಶೀಸೆ ಕೊಟ್ಟರೂ ಒಂದೂ ತಪ್ಪದೆ ಹೇಳುತ್ತಾರೆ ಅಂತ. ಮೂಟೆಯ ಮೇಲಿದ್ದ ಅಜ್ಜ ನನ್ನ ಕಡೆ ನೋಡಿ ಕಿಟಕಿಯನ್ನು ಇನ್ನೂ ಅಗಲ ಮಾಡಿದ.

ಬುರುಲ್ ಅಪಾ ಮನೆ

ನಮ್ಮಲ್ಲಿ ಆಪಾ ಎಂದರೆ ಅಕ್ಕ, ಅಲ್ಲಿ ಅಪಾ ಎಂದರೆ ತಾಯಿ. ಬುರುಲ್ ಅಪಾ ಎರಡೂ ಆಗುವಂಥವಳು. ಕೆಂಪು ಕೆನ್ನೆ, ಬಾಯಲ್ಲಿ ಎರಡು ಚಿನ್ನದ ಹಲ್ಲು, ಗಟ್ಟಿ ಗಂಟಲು. ಚಾ ಕೊಟ್ಟಳು, ಬಟ್ಟಲಿನ ಕಾಲುಭಾಗ ಮಾತ್ರ. ನನಗೆ ಮತ್ತೆ ಮೂಗಿನ ತುದಿಗೆ ಕೋಪ ಬಂತು. ಇಷ್ಟು ದೂರದಿಂದ ಬಂದವನಿಗೆ ಕಾಲು ಬಟ್ಟಲು ಚಾ? ದುರ್ಗದಲ್ಲಿ ಸಾಲ ಕೇಳಲು ಬಂದವನಿಗೂ ಲೋಟ ತುಂಬಿಸಿ ಕೊಡುತ್ತೇವೆ. ನಸೀಮಾ ಮೊಣಕೈಯಲ್ಲಿ ತಿವಿದಳು. “ಅಬ್ಬಾ, ಮಕ ಸರಿ ಮಾಡ್ಕಳ್ರಿ. ತುಂಬ ಕೊಟ್ರೆ ಕುಡ್ದು ಎದ್ದು ಹೋಗ್ರಿ ಅಂತ. ಸ್ವಲ್ಪ ಸ್ವಲ್ಪ ಕೊಟ್ರೆ ಕುಂತ್ಕಳ್ರಿ ಅಂತ.” ಆಮೇಲೆ ಎಷ್ಟು ಸಲ ಬಟ್ಟಲು ಮುಂದಿಟ್ಟೆನೋ ಲೆಕ್ಕವಿಲ್ಲ.

ಅತಿಥಿಯಾಗಿ ಹೋದವನು ಬರಿಗೈಲಿ ಕೂರಬಾರದು. ಪೆಟ್ಟಿಗೆ ತೆಗೆದು ಅಪಾಳ ಅಂಗೈ ಹಿಂದೆ ಲಾವಂಚದ ಗೆರೆ ಎಳೆದೆ. ಅವಳು ಮೂಸಿ, ಕಣ್ಣು ಅಗಲ ಮಾಡಿ, ಗಹಗಹಿಸಿ ನಕ್ಕು ಏನೋ ಹೇಳಿದಳು. ನಸೀಮಾ ಕೆಂಪಾದಳು.

“ಏನಂತೆ?”

“ಯಾವುದೋ ಗಂಡು ಮೃಗ ಮನೆಯೊಳಗೆ ಬಂದಂಗಾತು ಅಂತಾಳೆ.” ಆಮೇಲೆ ಮೆಲ್ಲಗೆ ಕೇಳಿದಳು, “ಅಬ್ಬಾ, ಇದು ಲಾವಂಚನಾ?”

“ಅಲ್ಲದೆ ಮತ್ತೇನು? ನನಗೇ ಕಲಿಸ್ತೀಯಾ?” ಎಂದು ರೇಗಿದೆ. ನಾನು ಚಾ ಕುಡಿದೆ. ಕುಡಿಯುತ್ತಲೇ ಶೀಸೆಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ಬಣ್ಣ ನೋಡಿದೆ.

ಕುರಿ ರೊಪ್ಪದಲ್ಲಿ

ಮಧ್ಯಾಹ್ನ ತಿಲೆಕ್ ಹೊರಗಿನಿಂದ ಕೂಗಿದ. ಒಂದು ಕುರಿ ಮರಿ ಹಾಕುತ್ತಿತ್ತು. ಎಲ್ಲರೂ ರೊಪ್ಪಕ್ಕೆ ಓಡಿದೆವು. ನಮ್ಮ ಕಡೆ ಮುಳ್ಳುಬೇಲಿಯೊಳಗೆ ಕುರಿ ಕೂಡುತ್ತೇವಲ್ಲ, ಅವರದು ಮಣ್ಣಿನ ಗೋಡೆ, ಮೇಲೆ ಹುಲ್ಲು. ಕುರಿಗೆ ಚೊಚ್ಚಲು, ತುಂಬಾ ಕಷ್ಟಪಟ್ಟಿತು. ಅಪಾ ತೋಳೇರಿಸಿ ಮರಿಯನ್ನು ಎಳೆದು ತೆಗೆದಳು. ಕುರಿ ಸುಸ್ತಾಗಿ ಮಲಗಿಬಿಟ್ಟಿತು. ಬಿಸಿನೀರು ತರಲು ಅಪಾ ಮನೆಯೊಳಗೆ ಹೋದಳು, ತಿಲೆಕ್ ಹುಲ್ಲು ತರಲು ಹೋದ, ನಸೀಮಾ ಕುರಿಯ ತಲೆ ಸವರುತ್ತಾ ಕೂತಳು.

ಮರಿ ನನ್ನ ಕಾಲ ಬಳಿ ಒದ್ದೆಯಾಗಿ ನಡುಗುತ್ತಿತ್ತು. ಅಯ್ಯೋ ಪಾಪ ಅನ್ನಿಸಿತು. ಎತ್ತಿ ತೊಡೆಯ ಮೇಲೆ ಹಾಕಿಕೊಂಡು, ಮೈಮೇಲಿನ ಲೋಳೆಯನ್ನೆಲ್ಲ ನನ್ನ ಮಫ್ಲರಿನಿಂದ ಚೊಕ್ಕವಾಗಿ ಒರೆಸಿದೆ. ನಮ್ಮ ಮನೆತನದಲ್ಲಿ ಹುಟ್ಟಿದ ಮಗುವಿನ ಕಿವಿಯ ಹಿಂದೆ ಒಂದು ಬೊಟ್ಟು ಅತ್ತರು ಹಚ್ಚುವ ರೂಢಿ ಇದೆ. ಪ್ರಪಂಚ ನಾರುತ್ತದೆ ಎಂದು ಅದಕ್ಕೆ ಮೊದಲೇ ಗೊತ್ತಾಗಬಾರದಂತೆ. ನಸೀಮಾಳಿಗೂ ನಾನೇ ಹಚ್ಚಿದ್ದು. ಹೊಸ ವರ್ಷ, ಹೊಸ ಜೀವ, ಬಿಸ್ಮಿಲ್ಲಾ ಎಂದು ಮರಿಯ ಎರಡೂ ಕಿವಿಗೂ ಹಣೆಗೂ ಹಚ್ಚಿಬಿಟ್ಟೆ. ಬೊಟ್ಟಲ್ಲ, ಬೆರಳು ತುಂಬ.

ಕುರಿ ಎದ್ದು ಬಂತು. ಮರಿಯ ಹತ್ತಿರ ಮೂಗು ತಂದಿತು. ಫಕ್ಕನೆ ತಲೆ ಹಿಂದಕ್ಕೆಳೆದು ನೆಲಕ್ಕೆ ಕಾಲು ಬಡಿಯಿತು. ಮರಿ ತೊಡರುತ್ತಾ ಕೆಚ್ಚಲ ಕಡೆ ಹೋದರೆ, ತಲೆಯಿಂದ ಗುಮ್ಮಿ ಗೋಡೆಗೆ ಎಸೆಯಿತು. ಮತ್ತೆ ಹೋಯಿತು, ಮತ್ತೆ ಗುಮ್ಮಿತು. ಆಮೇಲೆ ರೊಪ್ಪದೊಳಗೆಲ್ಲ ಓಡಾಡುತ್ತಾ ತನ್ನ ಮರಿಗಾಗಿ ಕೂಗತೊಡಗಿತು. ಮರಿ ಅಲ್ಲೇ ಇತ್ತು!

ಅಪಾ ಬಾಗಿಲಲ್ಲಿ ನಿಂತು ನೋಡಿದಳು. ಬಿಸಿನೀರು ಕೆಳಗಿಟ್ಟು ಮರಿಯನ್ನು ಎತ್ತಿ ಮೂಸಿದಳು. ಆಮೇಲೆ ಅವಳು ಕೂಗಿದ್ದನ್ನು ನಸೀಮಾ ಅನುವಾದ ಮಾಡಲಿಲ್ಲ, ಅಗತ್ಯವೂ ಇರಲಿಲ್ಲ.

“ಅಬ್ಬಾ, ಕುರಿಗೆ ಕಣ್ಣಿಂದ ಮರಿ ಗೊತ್ತಾಗಲ್ಲ. ವಾಸನೆಯಿಂದ ಗೊತ್ತಾಗೋದು. ಹುಟ್ಟಿದ ತಕ್ಷಣ ನೆಕ್ಕಿ ಗುರುತು ಹಿಡಿಬೇಕು. ನೀವು ಅದರ ಗುರುತು ಒರೆಸಿ ಕಸ್ತೂರಿ ಹಚ್ಚೀರಿ.”

“ಕಸ್ತೂರಿನಾ?” ಅಂದೆ. ನನ್ನ ಬಾಯಿಂದ ಹೊರಟ ಮೇಲೆ ಗೊತ್ತಾಯಿತು, ಅತ್ತರಿನವನು ಕೇಳಬಾರದ ಪ್ರಶ್ನೆ ಅದು. ನಸೀಮಾ ನನ್ನ ಮುಖವನ್ನೇ ನೋಡಿದಳು. “ಶೀತ ಆಗೈತೆ, ಅದಕ್ಕೇ” ಎಂದು ಸುಳ್ಳು ಹೇಳಿದೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಊರೆಲ್ಲ ನಗಾಡಿದ್ದೇನೆ. ಆ ಕತ್ತೆ ನಾನೇ.

ಗಿಣ್ಣುಹಾಲು ಬೇಗ ಹೊಟ್ಟೆಗೆ ಹೋಗದಿದ್ದರೆ ಆ ಚಳಿಯಲ್ಲಿ ಮರಿ ಬದುಕುವುದಿಲ್ಲ ಎಂದು ತಿಲೆಕ್ ಹೇಳಿದ. ಹಿಂಡಿ ಕುಡಿಸಬಹುದು, ಆದರೆ ತಾಯಿ ಬಿಟ್ಟ ಮರಿ ಬೆಟ್ಟಕ್ಕೆ ಹೋಗುವ ಹಿಂಡಿನಲ್ಲಿ ಉಳಿಯುವುದಿಲ್ಲ. ಅಪಾ ಮರಿಯನ್ನು ನೀರಿಗೆ ಅದ್ದಲು ಹೊರಟಳು. ನಾನು ತಡೆದೆ. ಮೂಗು ಹೋದರೂ ಕಸುಬು ಹೋಗಿರಲಿಲ್ಲ. ಅತ್ತರು ಎಣ್ಣೆ, ನೀರಿಗೆ ಹೋಗುವುದಿಲ್ಲ, ನೀರು ಹಾಕಿದರೆ ಇನ್ನೂ ಹರಡುತ್ತದೆ. ಸ್ಪಿರಿಟ್ ಬೇಕು ಅಂದೆ. ತಿಲೆಕ್ ಹೋಗಿ ವೋಡ್ಕಾ ಬಾಟಲಿ ತಂದು ನನ್ನ ಕೈಗಿತ್ತ. ಯಾ ಅಲ್ಲಾ! ಏಳು ತಲೆಮಾರಿನಲ್ಲಿ ಯಾರೂ ಮುಟ್ಟದ ವಸ್ತು. ನನ್ನ ಗುರುತಿನವರು ಯಾರೂ ಆ ಬೆಟ್ಟದಲ್ಲಿ ಇರಲಿಲ್ಲ, ಅದೊಂದು ಪುಣ್ಯ. ಕಿವಿಯ ಉಣ್ಣೆಯನ್ನು ಕತ್ತರಿಯಿಂದ ಕತ್ತರಿಸಿ, ಚಿಂದಿಯನ್ನು ವೋಡ್ಕಾದಲ್ಲಿ ಅದ್ದಿ ಹಣೆ, ಕಿವಿ ಉಜ್ಜಿ, ಒಲೆಯ ಬೂದಿ ಹಾಕಿ ಹೀರಿಸಿ ಕೊಡವಿದೆ. ಮತ್ತೆ ಉಜ್ಜಿದೆ, ಮತ್ತೆ ಬೂದಿ.

ಆಮೇಲೆ ಅಪಾ ಮರಿಯನ್ನು ತಂದು ನೇರ ನನ್ನ ಮೂಗಿನ ಕೆಳಗೆ ಹಿಡಿದಳು.

“ಹೋಗೈತೇನು ನೋಡ್ರಿ ಅಂತಾಳೆ” ಎಂದಳು ನಸೀಮಾ. “ಒಂದ್ಸಲ ಬೇಡ ಅಂದಿರೋ ಕುರಿ ಇನ್ನೊಂದು ಸಲ ಮೂಸ್ತೈತೆ. ಆವಾಗ್ಲೂ ಬೇಡ ಅಂದ್ರೆ ಮತ್ತೆ ಸೇರ್ಸೋದು ಬಾಳ ಕಷ್ಟ. ಅತ್ತರಿನ ಉಸ್ತಾದರು ನೀವು, ನಿಮ್ಮ ಮೂಗಿಗೆ ಹೋಗೈತೆ ಅನ್ಸಿದ್ರೆ ಮಾತ್ರ ಬಿಡ್ತೀನಿ ಅಂತಾಳೆ.”

ಮೂವರೂ ನನ್ನನ್ನೇ ನೋಡುತ್ತಿದ್ದರು. ಮರಿಯ ಎದೆ ನನ್ನ ಕೈಗೆ ಪುಟಪುಟ ಬಡಿಯುತ್ತಿತ್ತು. ಮೂಗಿಟ್ಟು ಉಸಿರೆಳೆದೆ. ತಣ್ಣನೆಯ ಗಾಳಿ ಒಳಗೆ ಹೋಯಿತು, ಅಷ್ಟೇ. ‘ಹೋಗಿದೆ’ ಅನ್ನಬಹುದಿತ್ತು. ಅಂಗಡಿಯಲ್ಲಿ ದಿನಾ ಅದೇ ತಾನೇ ಹೇಳುತ್ತಿದ್ದದ್ದು, ‘ಒಂದನೇ ನಂಬರ್ ಮಾಲು, ತಗಳ್ರಿ’ ಅಂತ. ಅಂಗಡಿಯಲ್ಲಿ ಸುಳ್ಳು ಹೇಳಿದರೆ ಯಾರೂ ಸಾಯುತ್ತಿರಲಿಲ್ಲ.

“ನನಗೆ ಗೊತ್ತಾಗಲ್ಲಮ್ಮ” ಅಂದೆ. “ಮೂಗಿಲ್ಲ ನನಗೆ. ಆ ಜ್ವರದಾಗೇ ಹೋತು. ಏನೂ ಗೊತ್ತಾಗಲ್ಲ. ನೀನೇ ಮೂಸು.”

“ಆ ಜ್ವರದಾಗಾ? ಅವಾಗಿಂದಾನಾ? ನಾನು ಎಂಟು ಸಾವಿರ ಸಲ ಫೋನ್ ಮಾಡೀನಿ, ಒಂದ್ಸಲನೂ ಹೇಳ್ಲಿಲ್ಲ! ನಾನಿಲ್ಲಿ ಡಾಕ್ಟರ್ ಓದ್ತಿರೋದು ಯಾರಿಗೋಸ್ಕರ, ಈ ಕುರಿಗೋಸ್ಕರನಾ?” ನಸೀಮಾ ಕೂಗಿದಳು. ಕೂಗುತ್ತಲೇ ಅತ್ತಳು. ನನಗೂ ತಡೆಯಲಾಗಲಿಲ್ಲ.

ಅಪಾ ಏನಾಯಿತೆಂದು ಕೇಳಿದಳು, ನಸೀಮಾ ಮೂಗೊರೆಸಿಕೊಂಡು ಹೇಳಿದಳು. ಅಪಾ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಏನೋ ಹೇಳುತ್ತಾ ನನ್ನ ಕೈ ಹಿಡಿದು ಎಳೆದು ಕುರಿಯ ಕೊರಳ ಮೇಲಿಟ್ಟಳು.

“ಏನಂತಾಳೆ?”

“ಕೈ ಅವೆಯಲ್ಲ, ಕುರಿ ಹಿಡ್ಕಳ್ರಿ ಅಂತಾಳೆ.”

ಸಂಜೆಯ ತನಕ

ಕುರಿ ಹಿಡಿಯುವುದು ಅತ್ತರು ಅಳೆದಷ್ಟು ಸುಲಭವಲ್ಲ. ಜುಬ್ಬ ಬಿಚ್ಚಿಸಿ, ಕುರಿಯದೇ ಹಿಕ್ಕೆಮಣ್ಣನ್ನು ನನ್ನ ಕೈಗೆ ಮೊಣಕೈವರೆಗೆ ಉಜ್ಜಿಸಿ, ತಿಲೆಕ್‌ನ ಹಳೇ ಚರ್ಮದ ಕೋಟು ಹಾಕಿಸಿದರು. ನಸೀಮಾ ಮರಿಯ ತಲೆ ಮೂಸಿ, “ಇನ್ನೂ ಐತೆ, ಕಮ್ಮಿ ಆಗೈತೆ” ಅಂದಳು. ಇನ್ನು ಉಜ್ಜಿದರೆ ಚರ್ಮ ಕಿತ್ತು ಬರುತ್ತದೆ. ಅಪಾ ಕುರಿಯ ಕೆಚ್ಚಲಿಂದ ಗಿಣ್ಣು ಹಿಂಡಿ ಮರಿಯ ಬೆನ್ನಿಗೂ ಬಾಲಕ್ಕೂ ಬಳಿದಳು, ಮೇಲೆ ಚಿಟಿಕೆ ಉಪ್ಪು ಉದುರಿಸಿದಳು. ಉಪ್ಪಿನಾಸೆಗೆ ನೆಕ್ಕಿದರೆ ನೆಕ್ಕಲಿ ಅಂತ. ನಾನು ಕುರಿಯ ಕತ್ತನ್ನು ಗೋಡೆಗೆ ಒತ್ತಿ ಹಿಡಿದೆ. ತಿಲೆಕ್ ಹಿಂಗಾಲು ಹಿಡಿದ. ನಸೀಮಾ ಮರಿಯ ಬಾಯಿಗೆ ಮೊಲೆ ಕೊಟ್ಟಳು.

ಮರಿ ಕುಡಿಯಿತು. ಬಾಲ ಪಟಪಟ ಆಡಿಸಿತು. ಕುರಿ ನನ್ನ ಕಾಲನ್ನು ತುಳಿದು, ಮುಖಕ್ಕೆ ಸೀನಿತು. ಬಿಟ್ಟ ತಕ್ಷಣ ಮರಿಯನ್ನು ಗುಮ್ಮಿತು.

ಹೊತ್ತು ಮುಳುಗುವ ತನಕ ಇದೇ ಕೆಲಸ. ಹಿಡಿ, ಕುಡಿಸು, ಬಿಡು, ಗುಮ್ಮಿಸಿಕೊ. ಮಧ್ಯೆ ಮಧ್ಯೆ ಕಾಲು ಬಟ್ಟಲು ಚಾ. ನಾಳೆ ದೊಡ್ಡ ಸರೋವರ ನೋಡಲು ಹೋಗುವುದೆಂದು ಮಾತಾಗಿತ್ತು. ಆ ಸರೋವರದ ಬಗ್ಗೆ ಓದಬೇಕೆಂದಿದ್ದವರು ಬೇರೆ ಯಾರಾದರೂ ಬರೆದದ್ದನ್ನು ಓದಿಕೊಳ್ಳಿ, ನಾನು ನೋಡಲಿಲ್ಲ.

ನಸೀಮಾ ಕೊನೆಗೆ ಹುಲ್ಲಿನ ಮೇಲೆ ನನ್ನ ಪಕ್ಕ ಕೂತು ಕೇಳಿದಳು, “ಅಮ್ಮಿಗೆ ಗೊತ್ತಾ?”

“ಇಲ್ಲ.”

“ಅಮ್ಮಿ ಬಿರಿಯಾನಿ ಮಾಡ್ದಾಗ ಪಾತ್ರೆ ಮುಚ್ಚಳ ತೆಗ್ದು ‘ವಾಹ್’ ಅಂತಿದ್ರಲ್ಲ?”

“ಹಬೆ ನೋಡಿ ಅಂತಿದ್ದೆ.”

ಅವಳಿಗೆ ನಗು ಬಂತು, ಸಿಟ್ಟೂ ಬಂತು. “ಹೋಗ್ರಿ ಅಬ್ಬಾ” ಎಂದು ನನ್ನ ಭುಜಕ್ಕೆ ತಲೆಯಿಟ್ಟಳು. ಹೇಳಲು ಹೆದರಿಕೆ ಏನಿತ್ತೆಂದು ಕೇಳಿದಳು. ನಿನ್ನ ಓದು ಅರ್ಧಕ್ಕೆ ನಿಲ್ಲುತ್ತೆ ಅಂತ ಅಂದೆ. ಅದು ನಿಜ. ಮೂಗಿಲ್ಲದ ಮೇಲೆ ನಾನು ಯಾರು ಅನ್ನುವುದು ನನಗೇ ಗೊತ್ತಿರಲಿಲ್ಲ ಎಂಬುದು ಇನ್ನೂ ಹೆಚ್ಚು ನಿಜ. ಅದನ್ನೂ ಹೇಳಿದೆ.

ಮರುದಿನ ಬೆಳಿಗ್ಗೆ

ಬೆಳಿಗ್ಗೆ ನಮಾಜು ಮುಗಿಸಿ ರೊಪ್ಪಕ್ಕೆ ಹೋದಾಗ ಮರಿ ಬದುಕಿತ್ತು. ತಾಯಿಯಿಂದ ಮೂರು ಮಾರು ದೂರ ಒಂಟಿಯಾಗಿ ನಿಂತಿತ್ತು. ಕುಡಿದ ಹಾಲು ಹೊಟ್ಟೆಯಿಂದ ಇಳಿದು ಬಾಲಕ್ಕೆಲ್ಲ ಹಳದಿ ಮೆತ್ತಿತ್ತು. ನಾನು ಒರೆಸಲು ಚಿಂದಿ ತೆಗೆದೆ. ಅಪಾ ನನ್ನ ಕೈಗೆ ಫಟ್ಟೆಂದು ಹೊಡೆದಳು.

“ಮತ್ತೆ ಒರೆಸೋಕೆ ಹೋಗ್ತೀರಲ್ಲ!” ನಸೀಮಾ ಕೂಗಿದಳು. “ಅದೇ ಬೇಕಾಗಿರೋದು.”

ರಾತ್ರಿ ಕುರಿಗೆ ಕಟ್ಟಿದ್ದ ಹಗ್ಗ ಬಿಚ್ಚಿದರು. ಯಾರೂ ಕುರಿಯನ್ನು ಹಿಡಿಯಲಿಲ್ಲ. ಮರಿ ಹೆಜ್ಜೆ ಹೆಜ್ಜೆಯಾಗಿ ಹೋಯಿತು. ಕುರಿ ತಲೆ ತಗ್ಗಿಸಿ ಮರಿಯ ಹಣೆ ಮೂಸಿತು, ಕಾಲು ಬಡಿಯಿತು. ನಾನು ಕಣ್ಣು ಮುಚ್ಚಿಕೊಂಡೆ. ಗುಮ್ಮಿದ ಸದ್ದು ಕೇಳಲಿಲ್ಲ. ಕಣ್ಣು ಬಿಟ್ಟರೆ ಮರಿ ಆಗಲೇ ಹೊಟ್ಟೆಯ ಕೆಳಗೆ ನುಗ್ಗಿತ್ತು. ಕುರಿ ಕತ್ತು ತಿರುಗಿಸಿ ಬಾಲದ ಬುಡ ಮೂಸುತ್ತಿತ್ತು. ಮೂಸಿತು, ಇನ್ನೊಮ್ಮೆ ಮೂಸಿತು. ಆಮೇಲೆ ಗಂಟಲೊಳಗಿಂದ ಗುರುಗುರು ಎಂದು ಒಂದು ಸಣ್ಣ ದನಿ ತೆಗೆದು ನೆಕ್ಕತೊಡಗಿತು. ತನ್ನ ಹಾಲು ಮರಿಯ ಮೈಯೊಳಗಿಂದ ಹಾದು ಬಂದರೆ ತಾಯಿಗೆ ಗುರುತು ಸಿಗುತ್ತದಂತೆ, ಅಪಾ ಹೇಳಿದ್ದು. ಬಾಲದಿಂದ ಬೆನ್ನಿಗೆ, ಬೆನ್ನಿಂದ ಕತ್ತಿಗೆ, ಕೊನೆಗೆ ನಾನು ಕತ್ತರಿಸಿ ಬೋಳು ಮಾಡಿದ್ದ ಕಿವಿಯನ್ನೂ ನೆಕ್ಕಿತು.

“ಕಸ್ತೂರಿ ಹೋಗೈತಾ?” ಎಂದು ಕೇಳಿದೆ.

ನಸೀಮಾ ಬಗ್ಗಿ ಮೂಸಿದಳು. “ಇಲ್ಲ ಅಬ್ಬಾ. ಇನ್ನೂ ಐತೆ” ಅಂದಳು.

ಅಪಾ ಎರಡೂ ಅಂಗೈಯನ್ನು ಮುಖದ ಮೇಲೆ ಎಳೆದುಕೊಂಡು ಆಮೀನ್ ಎಂದಳು. ನಾನೂ ಎಳೆದುಕೊಂಡೆ, ಕೈಯಲ್ಲಿ ಏನೇನು ಮೆತ್ತಿತ್ತೋ ದೇವರಿಗೇ ಗೊತ್ತು.

ಮತ್ತೆ ದುರ್ಗ

ಮನೆಗೆ ಬಂದ ದಿನವೇ ಮುಮ್ತಾಜಳಿಗೆ ಹೇಳಿದೆ. ಅವಳು ಅಳಲಿಲ್ಲ. “ಹಂಗಾದ್ರೆ ಇಷ್ಟು ದಿನ ನನ್ನ ಬಿರಿಯಾನಿನ ಹೊಗಳಿದ್ದೆಲ್ಲ ಸುಳ್ಳಾ?” ಎಂದು ಸೌಟು ಹಿಡಿದೇ ಕೇಳಿದಳು. ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಬುರ್ಖಾ ಹಾಕಿಕೊಂಡು ನನಗಿಂತ ಮುಂಚೆ ಅಂಗಡಿಗೆ ಹೊರಟಳು. ಮದುವೆಯಾಗಿ ಬಂದಾಗಿನಿಂದ ಅವಳು ಗಲ್ಲಾದ ಈಚೆ ಕಾಲಿಟ್ಟವಳಲ್ಲ. ಅವತ್ತು ಸ್ಟೂಲು ಎಳೆದು ಕೂತು, ಒಂದೊಂದೇ ಶೀಸೆ ಬಿಚ್ಚಿ ಮೂಸಿ, ತಪ್ಪು ಜಾಗದಲ್ಲಿದ್ದವನ್ನು ಬೇರೆ ಇಟ್ಟಳು. ಬೇರೆ ಇಟ್ಟವು ಕಡಿಮೆಯೇನೂ ಇರಲಿಲ್ಲ. ನನಗೆ ತಲೆ ಎತ್ತಲಾಗಲಿಲ್ಲ.

ಅಷ್ಟರಲ್ಲಿ ತಾಳ್ಯದ ಈರಣ್ಣ ಬಂದ. ಕುರಿ ಸಾಕುವ ಮನುಷ್ಯ, ನಮ್ಮಪ್ಪನ ಕಾಲದಿಂದ ಗಿರಾಕಿ. ಹೆಗಲ ಕಂಬಳಿ ಸರಿಮಾಡಿಕೊಂಡು ಬಾಗಿಲಲ್ಲೇ ನಿಂತ.

“ಬರ್ರಿ ಈರಣ್ಣ, ಕುಂತ್ಕಳ್ರಿ. ಒಂದು ಮಾತು ಹೇಳ್ತೀನಿ” ಅಂದೆ. “ನನಗೆ ವಾಸನೆ ಗೊತ್ತಾಗಲ್ಲ. ಕೊರೋನಾದಾಗಿಂದ. ಇನ್ಮೇಲೆ ಏನು ಬೇಕಿದ್ರೂ ಇವ್ರನ್ನ ಕೇಳ್ರಿ.”

ಈರಣ್ಣ ಕಂಬಳಿಯ ಅಂಚನ್ನು ಬೆರಳಿನಲ್ಲಿ ತಿರುವಿದ. “ನನಗೆ ಗೊತ್ತೈತೆ ಸಾಬ್ರೆ” ಅಂದ. “ಜ್ವರ ಬಂದ್ಹೋದ ಮ್ಯಾಲೆ ಒಂದ್ಸಲ ಲಾವಂಚ ಕೇಳಿದ್ದೆ, ನೀವು ಕೊಟ್ಟಿದ್ದು ಬ್ಯಾರೆ ಏನೋ. ಹಚ್ಕಂಡು ರೊಪ್ಪಕ್ಕೆ ಹೋದ್ರೆ ಕುರಿ ಎಲ್ಲಾ ಮೂಲೆ ಸೇರ್ಕಂಡ್ವು. ನಮ್ಮ ನಾಯಿನೂ ಬೊಗಳ್ತು.”

“ಮತ್ತೆ ವಾಪಸು ತಂದು ಕೊಡೋದಲ್ವ?”

“ತಂದಿದ್ದೆ. ಬಾಗ್ಲಿಗೆ ಬಂದು ನೋಡ್ತೀನಿ, ನೀವು ಒಬ್ರೇ ಶೀಸೆನ ಮೂಗಿಗೆ ಇಟ್ಕಂಡು ಕಣ್ಮುಚ್ಚಿ ಕುಂತಿದ್ರಿ. ಬಾಳ ಹೊತ್ತು. ಅದನ್ನ ಕೆಳಗಿಟ್ಟು ಇನ್ನೊಂದು ತಗಂಡ್ರಿ. ಅದನ್ನೂ ಇಟ್ರಿ. ನಿಮ್ಮ ಮಕ ನೋಡಿ ಹಂಗೇ ತಿರುಗಿ ಬಸ್ ಹತ್ತಿದೆ.”

ಮುಮ್ತಾಜ್ ಕೇಳಿದಳು, “ಆಮ್ಯಾಲೆ ಏನ್ಮಾಡಿದ್ರಿ ಅಣ್ಣ?”

“ಏನ್ಮಾಡೋದಮ್ಮ, ಅದನ್ನೇ ಹಚ್ಕಂಡೆ. ಮುಗಿದ ಮ್ಯಾಲೆ ಅದೇ ಜಾಗದ್ದು ಕೊಡ್ರಿ ಅಂತ ಬೆರಳು ತೋರ್ಸಿ ತಗಂಡೋದೆ. ಕುರಿನೂ ಒಗ್ಗಿಕೊಂಡ್ವು. ಈಗ ಅದನ್ನ ಹಚ್ಚದೆ ಹೋದ್ರೆ ಹತ್ರ ಬರಲ್ಲ.” ಜೇಬಿನಿಂದ ಖಾಲಿ ಶೀಸೆ ತೆಗೆದು ಗಲ್ಲಾದ ಮೇಲಿಟ್ಟ. “ಅದೇ ಕೊಡ್ರಿ.”

ಮುಮ್ತಾಜ್ ಖಾಲಿ ಶೀಸೆಯನ್ನು ಮೂಸಿ, “ಕೇದಿಗೆ” ಅಂದಳು. ಬೇರೆ ಇಟ್ಟಿದ್ದ ಶೀಸೆಗಳಲ್ಲಿ ಒಂದನ್ನು ಹುಡುಕಿ ನನ್ನ ಕೈಗೆ ಕೊಟ್ಟಳು. ನಾನು ತುಂಬಿಸಿದೆ. ಎರಡು ಹನಿ ಗಲ್ಲಾದ ಮೇಲೆ ಚೆಲ್ಲಿತು. ಈರಣ್ಣ ಅದನ್ನು ನೋಡದವನ ಹಾಗೆ ಬೀದಿಯ ಕಡೆ ತಿರುಗಿ, ಹೊಳಲ್ಕೆರೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ.